ಹೊಸಿಲಲ್ಲಿ ಬಿಟ್ಟ ಸದ್ದು

ನಮ್ಮೂರಿಗೆ ಹೊಸದಾಗಿ ಬಂದವರು ಬಸ್ಸಿನಿಂದ ಇಳಿದ ಕೂಡಲೇ ಕಿವಿಯೊಳಗೆ ಕಿರುಬೆರಳು ತೂರಿಸಿ ಅಲ್ಲಾಡಿಸುತ್ತಾರೆ. ಕಿವಿಗೆ ಏನೂ ಆಗಿಲ್ಲ ಎಂದು ನಾವು ಸಮಾಧಾನ ಹೇಳಬೇಕಾಗುತ್ತದೆ. ನಮ್ಮೂರಲ್ಲಿ ವಸ್ತುಗಳಿಗೆ ಸದ್ದಿಲ್ಲ, ಅಷ್ಟೆ. ಮನುಷ್ಯರ ಮಾತು ಕೇಳುತ್ತದೆ, ಹಸು ಅಂಬಾ ಎಂದರೆ ಕೇಳುತ್ತದೆ, ನಾಯಿ ಬೊಗಳಿದರೂ ಕೇಳುತ್ತದೆ. ಆದರೆ ತಾಮ್ರದ ಹಂಡೆ ಅಟ್ಟದಿಂದ ಉರುಳಿದರೂ ಹತ್ತಿ ಬಿದ್ದ ಹಾಗೆಯೇ. ಮಳೆ ಬಂದದ್ದು ಕಣ್ಣಿಗೆ, ಮೈಗೆ ತಿಳಿಯಬೇಕೇ ಹೊರತು ಕಿವಿಗೆ ತಿಳಿಯುವುದಿಲ್ಲ.

ಅದಕ್ಕೇ ನಮ್ಮಲ್ಲಿ ಯಾರು ಏನು ಮಾಡುತ್ತಾರೋ ಅದರ ಸದ್ದನ್ನು ಅವರೇ ಬಾಯಲ್ಲಿ ಹೇಳಬೇಕು. ಬಾಗಿಲು ತಟ್ಟುವವರು ಟಕಟಕ ಎನ್ನುತ್ತಾರೆ. ಬಸ್ಸಿನ ಕಂಡಕ್ಟರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಪೋಂ ಪೋಂ ಎಂದು ಕೂಗಿ ಕೂಗಿ, ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿಕೊಂಡು, ಯಾವೂರಿಗೆ ಟಿಕೆಟ್ಟು ಎಂದು ಕೈಸನ್ನೆಯಲ್ಲೇ ಕೇಳುತ್ತಾನೆ. ಒಗ್ಗರಣೆ ಹಾಕುವವಳು ಚುಂಯ್ ಎಂದರೇನೇ ಊಟದವರು ಕೈತೊಳೆದು ಎಲೆಯ ಮುಂದೆ ಕೂರುವುದು. ಕೈಜಾರಿ ತಟ್ಟೆ ಬಿದ್ದಾಗ ಯಾರೂ ನೋಡಲಿಲ್ಲವೆಂದು ಸುಮ್ಮನಿದ್ದ ಮಕ್ಕಳಿಗೆ, ಬೀಳಿಸಿದ್ದಕ್ಕಲ್ಲ, ಹೇಳದೆ ಹೋದದ್ದಕ್ಕೆ ಏಟು ಬೀಳುತ್ತದೆ.

ಒಂದೊಂದು ಮನೆಯ ಸದ್ದೂ ಬೇರೆ. ನಮ್ಮ ಮನೆಯಲ್ಲಿ ಸೌಟು ಟಿಣ್ಣ ಎನ್ನುತ್ತದೆ, ಪಾತ್ರೆಯ ಮುಚ್ಚಳ ಡಬಾಲ್ ಎನ್ನುತ್ತದೆ. ಪಕ್ಕದ ಮನೆಯಲ್ಲಿ ಅದೇ ಮುಚ್ಚಳಕ್ಕೆ ಟಪ್ಪಾಳೆ ಎನ್ನುತ್ತಾರೆ. ಕಣ್ಣುಮುಚ್ಚಿಕೊಂಡು ಬೀದಿಯಲ್ಲಿ ನಡೆದರೂ ಯಾರ ಮನೆ ಮುಂದೆ ಇದ್ದೇವೆ ಎಂದು ತಿಳಿಯುತ್ತದೆ. ಮನೆಯಲ್ಲಿ ಹುಟ್ಟಿದವರಲ್ಲಿ ಹಿರಿಯರು ಯಾರೋ ಅವರು ಆ ಮನೆಯ ಸದ್ದನ್ನು ಕಾಯುತ್ತಾರೆ. ಮಕ್ಕಳು ಒಂದಕ್ಷರ ತಪ್ಪಿದರೂ ತಿದ್ದುವವರು ಅವರೇ. ಸದ್ದಿನ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ.

ಇನ್ನು ಮದುವೆಯಾಗಿ ಬರುವ ಹೆಣ್ಣುಮಗಳು ತವರಿನ ಸದ್ದನ್ನು ಗಂಡನ ಮನೆಯ ಹೊಸಿಲಲ್ಲೇ ಬಿಟ್ಟು ಬರಬೇಕು. ಹೊಸಿಲ ಮೇಲೆ ಒಂದು ಚೊಂಬು ಬೀಳಿಸಿ, ತಾಯಿ ಮನೆಯ ಸದ್ದನ್ನು ಕೊನೆಯ ಸಲ ಹೇಳುತ್ತಾಳೆ. ಅತ್ತೆ ಆ ಚೊಂಬನ್ನು ಎತ್ತಿ ಮತ್ತೆ ಬೀಳಿಸಿ ಈ ಮನೆಯ ಸದ್ದು ಹೇಳಿಕೊಡುತ್ತಾಳೆ. ಅಲ್ಲಿಗೆ ಮುಗಿಯಿತು. ಆಮೇಲೆ ಹಬ್ಬಕ್ಕೆಂದು ತವರಿಗೆ ಹೋದರೂ ಬಾಯಿಂದ ಗಂಡನ ಮನೆಯ ಸದ್ದೇ ಬರಬೇಕು. ನಾನು ಒಮ್ಮೆ ನನ್ನ ತಾಯಿಯ ಮನೆಯಲ್ಲಿ ಮೊಸರು ಕಡೆಯುತ್ತಾ ಮರೆತು ಹಳೆಯ ಸದ್ದು ತೆಗೆದಾಗ, ತಾಯಿಯೇ ಓಡಿಬಂದು ಬೆಣ್ಣೆ ಕೈಯಲ್ಲೇ ನನ್ನ ಬಾಯಿ ಮುಚ್ಚಿದ್ದಳು. ನಮಗೆಲ್ಲ ಇದು ಅಭ್ಯಾಸವಾಗಿಹೋಗಿತ್ತು. ಸೆರಗು ಹೊದೆಯುವುದಕ್ಕೆ ಅಭ್ಯಾಸವಾದ ಹಾಗೆ.

ನನ್ನ ಸೊಸೆ ವಾರಿಜ ಸುಣ್ಣದ ಓಣಿಯವಳು. ಗಾಡಿಗಳ ನಂಬರ್ ಪ್ಲೇಟು, ಅಂಗಡಿಗಳ ಬೋರ್ಡು ಬರೆಯುವ ಕೆಲಸ ಅವಳದು. ಬೆರಳಿನ ಸಂದಿಯಲ್ಲಿ ಸದಾ ಬಣ್ಣ. ಒಮ್ಮೆ ಪಿಂಗಾಣಿ ಅಂಗಡಿಯ ಬೋರ್ಡು ಬರೆಯಲು ಹೋದವಳು, ಕಪ್ಪುಗಳನ್ನು ಸುತ್ತಿದ್ದ ಕಾಗದಗಳನ್ನು ಮಡಿಲು ತುಂಬ ಹಾಕಿಕೊಂಡು ಬಂದಳು. ಕಪ್ಪುಬಿಳುಪು ಚಿತ್ರಗಳು, ಒಂದರ ಪಕ್ಕ ಒಂದು ಚೌಕದಲ್ಲಿ. ಜಪಾನಿನವರ ಚಿತ್ರಕತೆಯಂತೆ, ಮಾಂಗಾ ಅನ್ನುತ್ತಾರಂತೆ, ಹಿಂದಿನ ಪುಟದಿಂದ ಮುಂದಕ್ಕೆ ಓದಬೇಕಂತೆ. ಅಂಗಡಿಯವನು ಅಷ್ಟು ಹೇಳಿದ್ದ.

"ಅತ್ತೆ, ಇಲ್ನೋಡಿ. ಈ ಬಾಗಿಲ ಹತ್ರ ದೊಡ್ಡದಾಗಿ ಗೀಚಿದಾರಲ್ಲ, ಏನು ಹೇಳಿ?" ಎಂದು ನನ್ನ ಮುಂದೆ ಹಿಡಿದಳು.

ನಾನು ಅಕ್ಷರ ಕಲಿತದ್ದು ತಲೆಗೂದಲು ಬೆಳ್ಳಗಾದ ಮೇಲೆ, ರಾತ್ರಿ ಶಾಲೆಯಲ್ಲಿ. "ನಂಗೆ ಕನ್ನಡ ಕೂಡಿಸಿ ಓದೋಕೇ ಹೊತ್ತಾಗುತ್ತೆ, ಜಪಾನಿಂದು ಕೇಳ್ತೀಯಲ್ಲೇ" ಎಂದೆ.

"ಅದು ಮಾತಲ್ಲ ಅತ್ತೆ. ಮಾತಾಗಿದ್ರೆ ಈ ಗುಳ್ಳೆ ಒಳಗೆ ಇರ್ತಿತ್ತು. ಇದು ಬಾಗಿಲಿಂದ ಸಿಡೀತಾ ಇದೆ ನೋಡಿ. ಇದು ಬಾಗಿಲಿನ ಸದ್ದು! ಪಾಪ, ಅವರ ದೇಶದಲ್ಲೂ ಬಾಗಿಲಿಗೆ ಸದ್ದಿಲ್ಲ ಅಂತ ಕಾಣುತ್ತೆ. ಹೇಳೀ ಹೇಳೀ ಸಾಕಾಗಿ ಬರೆದೇ ಇಟ್ಕೊಂಡಿದಾರೆ."

ನಮ್ಮೂರಿನವರಿಗೆ ಮಾತ್ರ ಹೊಳೆಯುವ ಯೋಚನೆ ಅದು. ಆದರೆ ಅಂದಿನಿಂದ ವಾರಿಜಳಿಗೆ ಬೇರೆ ಧ್ಯಾನವೇ ಇಲ್ಲವಾಯಿತು. ಬೋರ್ಡು ಬರೆದು ಉಳಿದ ಹೊತ್ತೆಲ್ಲ ಆ ಪುಟಗಳನ್ನು ನೋಡಿ ನೋಡಿ ಕೈ ಪಳಗಿಸಿಕೊಂಡಳು. ಕೂದಲೆಳೆಯಂಥ ಗೆರೆ ಎಳೆಯಲು ನಿಬ್ಬು ಹುಡುಕಿಕೊಂಡಳು. ಓಡುವವರ ಹಿಂದೆ ಗಾಳಿ ಬರೆಯುವುದು ಹೇಗೆ, ಅಳುವವರ ಕಣ್ಣು ಎಷ್ಟು ದೊಡ್ಡದಿರಬೇಕು, ಎಲ್ಲ ಕಲಿತಳು. ಕಡೆಗೆ ತನ್ನದೇ ಒಂದು ಕತೆ ಬರೆದಳು. ಗಿಡುಗಿ ಎಂಬ ಹುಡುಗಿ ಬೆನ್ನಿಗೆ ಕತ್ತಿ ಕಟ್ಟಿಕೊಂಡು ಕಬ್ಬಿಣದ ರಾಜನ ಕೋಟೆಗೆ ನುಗ್ಗುವ ಕತೆ. ಮೂರು ಮಳೆಗಾಲ ಅದರ ಮೇಲೇ ಕೂತಿದ್ದಳು. ಟೀ ಅಂಗಡಿಯಲ್ಲಿ ಕಾಲಹರಣ ಮಾಡುವ ಹುಡುಗರು ಮುಗಿಬಿದ್ದು ಕೊಳ್ಳುತ್ತಾರೆ ಎಂದು ಅವಳ ನಂಬಿಕೆ. ಪ್ರೆಸ್ಸಿನ ದಸ್ತಗೀರ್ ಸಾಹೇಬರೂ ನಂಬಿ ಅಚ್ಚು ಹಾಕಿಕೊಟ್ಟರು. ಹಿಂದಿನಿಂದ ಮುಂದಕ್ಕೇ ಓದಬೇಕಾದ ಪುಸ್ತಕ. ನನಗೇನೂ ಕಷ್ಟವಾಗಲಿಲ್ಲ. ತಡವಾಗಿ ಓದು ಕಲಿತವರಿಗೆ ಯಾವ ಕಡೆಯಿಂದ ಹೋದರೂ ಒಂದೇ ಏರು.

ಟೀ ಅಂಗಡಿಯ ಹುಡುಗರು ಪುಸ್ತಕವನ್ನು ತಿರುವಿ ಹಾಕಿದರು. ಆಮೇಲೆ ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕರು.

"ವಾರಿಜಕ್ಕಾ, ಕತ್ತಿಗೆ ಕತ್ತಿ ತಗುಲಿದ್ರೆ ಠಣಕು ಅಂತದಾ? ನಮ್ಮವ್ವ ಹುಳಿ ತಿರುವಿದಂಗೈತೆ!"

"ಕೋಟೆ ಬೀಳೋದು ನೋಡ್ಲಾ ಇಲ್ಲಿ. ಬುಳುಂಗ್ ಅಂತೆ! ಮುದ್ದೆ ಸಾರಿಗೆ ಬಿದ್ದಂಗೆ!"

"ಕುದುರೆ ದುಪ್ಪುಳ ದುಪ್ಪುಳ ಅಂತ ಓಡ್ತಾ ಐತಲ್ಲಕ್ಕೋ. ರಾಗಿ ಕುಟ್ಟೋಕೆ ಹೊಂಟೈತಾ ಕುದುರೆ?"

ಅಂದಿನಿಂದ ಅವಳು ಬೀದಿಯಲ್ಲಿ ಹೋದರೆ ಯಾವನಾದರೂ ಹಿಂದಿನಿಂದ ಬುಳುಂಗ್ ಎನ್ನುತ್ತಿದ್ದ. ಪುಸ್ತಕಗಳು ಕಟ್ಟು ಕಟ್ಟಾಗಿ ನಮ್ಮ ಮನೆಯ ನಡುಮನೆಗೆ ವಾಪಸು ಬಂದವು. ವಾರಿಜ ಅವುಗಳ ಮೇಲೆ ಗೋಣಿಚೀಲ ಹೊದಿಸಿ, ಕೂದಲು ಗಂಟು ಹಾಕಿಕೊಂಡು, ಬೋರ್ಡು ಬರೆಯಲು ಹೋದಳು.

"ಆ ಸದ್ದು ಬದಲಾಯಿಸಿ ಇನ್ನೊಂದ್ಸಲ ಅಚ್ಚು ಹಾಕ್ಸು. ಡಮಾರ್ ಗಿಮಾರ್ ಅಂತ ಏನಾದ್ರೂ ಹಾಕು" ಎಂದ ನನ್ನ ಮಗ ಮಾದೇಶ.

"ಹಾಕಿ ನೋಡ್ದೆ ಕಣ್ರೀ. ಡಮಾರ್ ಅಂದ್ರೆ ಕೋಟೆ ಅಲ್ಲಾಡೋದೇ ಇಲ್ಲ. ಬುಳುಂಗ್ ಅಂದಾಗ್ಲೇ ಬಿದ್ದಿದ್ದು" ಎಂದಳು.

ನಾನು ಆ ಪುಸ್ತಕವನ್ನು ದಿನಾ ಜಗಲಿಯಲ್ಲಿ ಕೂತು ಓದುತ್ತಿದ್ದೆ. ನನ್ನದು ಗಟ್ಟಿ ಓದು. ಬಾಯಿ ಆಡದಿದ್ದರೆ ಅಕ್ಷರ ತಲೆಗೆ ಹತ್ತುವುದಿಲ್ಲ. ಒಂದು ಸಂಜೆ ಬೆರಳಿಟ್ಟುಕೊಂಡು "ಠ... ಣ... ಕು. ಠಣಕು" ಎಂದು ಕೂಡಿಸುತ್ತಿದ್ದಾಗ, ಒಳಗಿನಿಂದ ನನ್ನ ಗಂಡನ ಅಕ್ಕ ಪುಟ್ಟೀರಮ್ಮ ಎದ್ದು ಬಂದರು. ಆ ಮನೆಯಲ್ಲಿ ಹುಟ್ಟಿದವರಲ್ಲಿ ಹಿರಿಯರು ಅವರೇ. ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದವರು. ನಮ್ಮ ಮನೆಯ ಸದ್ದಿಗೆ ಕಾವಲು ಅವರದು. ಕೈಯಲ್ಲಿ ಸೋಸುತ್ತಿದ್ದ ದಂಟಿನ ಸೊಪ್ಪು ಹಾಗೇ ಇತ್ತು.

"ಸಾಕಮ್ಮಾ, ಅದ್ಯಾರ ಮನೆ ಸೌಟು?" ಎಂದು ನನ್ನ ಹೆಸರು ಹಿಡಿದು ಕೇಳಿದರು.

"ಸೌಟಲ್ಲ ಅಕ್ಕಾ, ಕತ್ತಿ. ಪುಸ್ತಕದ್ದು."

"ನಂಗೆ ಓದೋಕೆ ಬರಲ್ಲ, ಕಿವಿ ಕೇಳ್ಸುತ್ತೆ. ಅದು ಸೌಟು. ಮುಂದಕ್ಕೆ ಓದು."

ಓದಿದೆ. ಬುಳುಂಗ್ ಬಂತು, ದುಪ್ಪುಳ ಬಂತು, ಬಾಣಗಳ ಮಳೆ ಸುರಿಯುವಾಗ ಚರಬರ ಚರಬರ ಬಂತು. ಪುಟ್ಟೀರಮ್ಮನವರ ಮುಖ ಬಿಗಿಯುತ್ತಾ ಹೋಯಿತು. ಅಷ್ಟರಲ್ಲಿ ವಾರಿಜ ಬಣ್ಣದ ಡಬ್ಬಿ ಹಿಡಿದು ಗೇಟು ದಾಟಿ ಒಳಗೆ ಬಂದಳು.

"ಹೊಸಿಲಲ್ಲಿ ಬಿಟ್ಟು ಬಂದಿದ್ಯಲ್ಲಮ್ಮ, ಯಾವಾಗ ಹೋಗಿ ಎತ್ಕೊಂಡು ಬಂದೆ?" ಎಂದರು.

"ಏನು ದೊಡ್ಡತ್ತೆ?"

"ನಿಮ್ಮಮ್ಮನ ಮನೆ ಸದ್ದು. ನಿನ್ನ ಮದುವೆ ಮಾತಾಡೋಕೆ ನಿಮ್ಮನೆಗೆ ಬಂದಾಗ ಒಳಗಿಂದ ಕೇಳಿದ್ದೆ ನಾನು. ಮರೆತಿಲ್ಲ. ಇದು ನಿಮ್ಮಮ್ಮನ ಅಡುಗೆಮನೆ. ಕುದುರೆ ಅಂತೆ, ಕತ್ತಿ ಅಂತೆ!"

ವಾರಿಜ ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ನೋಡಿದಳು. ತಾನೇ ಬರೆದದ್ದನ್ನು ಬೇರೆಯವರು ಬರೆದದ್ದೆಂಬಂತೆ ನೋಡಿದಳು. ಅವಳ ತುಟಿ ಸದ್ದಿಲ್ಲದೆ ಠಣಕು ಎಂದಿತು. ಬಣ್ಣದ ಡಬ್ಬಿಯನ್ನು ಕೆಳಗಿಟ್ಟು ಜಗಲಿಯ ಅಂಚಿನಲ್ಲಿ ಕುಸಿದಳು.

"ಅಯ್ಯೋ... ಅಮ್ಮಂದು. ನಂಗೊತ್ತೇ ಆಗ್ಲಿಲ್ಲ ಅತ್ತೆ. ನಾನೇ ಹುಟ್ಟಿಸ್ತಾ ಇದೀನಿ ಅಂದ್ಕೊಂಡಿದ್ದೆ."

ಸುಳ್ಳು ಹೇಳುವ ಹುಡುಗಿಯಲ್ಲ ಅವಳು. ಅವಳ ತಾಯಿ ತೀರಿಕೊಂಡು ವರ್ಷವಾಗಿತ್ತು. ಅಪ್ಪ, ಅಣ್ಣ ತಮ್ಮಂದಿರು ಇಲ್ಲ. ಆ ಸದ್ದು ಹೇಳುವ ಬಾಯಿ ಊರಿನಲ್ಲಿ ಇನ್ನೊಂದಿರಲಿಲ್ಲ. ಆ ಸದ್ದುಗಳು ಅವಳ ಕೈಯಿಂದ ಜಾರಿ ಕುದುರೆಯ ಗೊರಸಿನ ಕೆಳಗೆ, ಕೋಟೆಯ ಕಲ್ಲಿನ ಕೆಳಗೆ ಹೋಗಿ ಅಡಗಿ ಕೂತಿದ್ದವು.

ಪುಟ್ಟೀರಮ್ಮನವರು ಕೆಟ್ಟವರಲ್ಲ. ಆದರೆ ನಿಯಮ ಎಂದರೆ ಅವರಿಗೆ ಅನ್ನದ ಹಾಗೆ, ಅದರಲ್ಲಿ ಕಲ್ಲು ಸಹಿಸುವವರಲ್ಲ. "ತಿಳಿದು ಮಾಡಿದ್ಯೋ ತಿಳಿಯದೆ ಮಾಡಿದ್ಯೋ, ಈ ಮನೆ ಸೂರಿನ ಕೆಳಗೆ ಇನ್ನೊಂದು ಮನೆ ಸದ್ದು ಇರಕೂಡದು. ಆ ಪುಸ್ತಕ ಎಲ್ಲ ನೆನೆಹಾಕ್ಬಿಡಿ. ಬೋರ್ಡು ಬರ್ಕೋ, ನಂಬರ್ ಪ್ಲೇಟ್ ಬರ್ಕೋ. ಈ ಮಾಂಗಾ ಗೀಂಗಾ ಸಾಕು. ಇನ್ನೊಂದ್ಸಲ ಅದಕ್ಕೆ ಬ್ರಷ್ ಹಿಡಿಯೋದಾದ್ರೆ ನನ್ನ ಹೆಣ ದಾಟ್ಕೊಂಡು ಹಿಡಿ" ಎಂದರು.

ಮಾದೇಶ ಹೆಂಡತಿಯ ಮುಖ ನೋಡಿದ, ಸೋದರತ್ತೆಯ ಮುಖ ನೋಡಿದ, ಎಮ್ಮೆಗೆ ನೀರು ಕುಡಿಸುವ ನೆಪ ಹೇಳಿ ಹಿತ್ತಿಲಿಗೆ ಹೋದ. ವಾರಿಜ ತನ್ನ ನಿಬ್ಬುಗಳನ್ನು ಒಂದೊಂದಾಗಿ ಒರೆಸಿ, ಬಟ್ಟೆಯಲ್ಲಿ ಸುತ್ತಿ, ನನ್ನ ಕೈಗೆ ಕೊಟ್ಟಳು. "ನನ್ನ ಕೈಗೆ ಸಿಗದ ಹಾಗೆ ಇಟ್ಬಿಡಿ ಅತ್ತೆ" ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನಮ್ಮಲ್ಲಿ ಹಳೆಯ ಕಾಗದವನ್ನು ಮೆಂತ್ಯದ ಜೊತೆ ನೆನೆಸಿ, ರುಬ್ಬಿ, ಬುಟ್ಟಿ ಮಾಡುವುದು ಹೆಂಗಸರ ಕೆಲಸ. ಮರುದಿನ ಬೆಳಗ್ಗೆಯೇ ಬೀದಿಯ ಹೆಂಗಸರು ನಮ್ಮ ಹಿತ್ತಿಲಿನ ಕಲ್ಲುಬಾನಿಯ ಸುತ್ತ ಕುಕ್ಕರುಗಾಲಲ್ಲಿ ಕೂತರು. ಪುಟ್ಟೀರಮ್ಮನವರೇ ಹೇಳಿ ಕಳಿಸಿದ್ದರು. ಪುಟ ಹರಿಯುವುದು, ನೀರಿಗೆ ಹಾಕುವುದು, ಹರಿಯುವಾಗ ಪರ್ ಪರ್ ಎನ್ನುವುದು. ಒಬ್ಬೊಬ್ಬಳ ಮನೆಯ ಪರ್ ಒಂದೊಂದು ಬಗೆ. ಕೆಂಪಮ್ಮಣ್ಣಿಯದು ಚರ್ರೆ, ಮೂಲೆಮನೆಯವಳದು ಪಿರಕ್.

ಜೈಬುನ್ನೀಸಾ ಕೈಯಲ್ಲಿ ಕೋಟೆ ಬೀಳುವ ಪುಟವಿತ್ತು. ಅವಳೂ ನನ್ನ ಜೊತೆ ರಾತ್ರಿ ಶಾಲೆಗೆ ಬಂದವಳು, ನನಗಿಂತ ಚುರುಕು. ಹರಿಯಲು ಹೊರಟವಳು ನಿಲ್ಲಿಸಿದಳು.

"ಬುಳುಂಗ್" ಎಂದಳು. ಮತ್ತೆ, ಸ್ವಲ್ಪ ತಗ್ಗಿದ ದನಿಯಲ್ಲಿ, "ಬುಳುಂಗ್."

"ಏನೇ ಜೈಬು, ಹುಡುಗರ ಥರ ಆಡ್ಕೋತೀಯಾ?" ಎಂದಳು ಕೆಂಪಮ್ಮಣ್ಣಿ.

"ಇಲ್ಲ ಕಣಕ್ಕಾ. ಇದು ನಮ್ಮ ಗೋಡೆ ಆಚೆಯವರದು. ಸುಣ್ಣದ ಓಣೀಲಿ ನಮ್ಮ ತವರು, ವಾರಿಜನ ಅಮ್ಮನ ಮನೆ, ನಡುವೆ ಒಂದೇ ಗೋಡೆ. ದಿನಾ ಬೆಳಗ್ಗೆ ಅವರು ಹಂಡೆಗೆ ಕೊಡ ಮುಳುಗಿಸಿ ಬುಳುಂಗ್ ಅಂದ್ಮೇಲೇ ನಮ್ಮಮ್ಮಿ ನನ್ನ ಎಬ್ಬಿಸ್ತಾ ಇದ್ದಿದ್ದು. ಯಾ ಅಲ್ಲಾ, ನಮ್ಮಮ್ಮಿ ಹಾಸಿಗೆ ಒದರ್ತಾ..." ಎಂದವಳು ಬಾಯಿ ಮುಚ್ಚಿಕೊಂಡಳು. ಹಾಸಿಗೆ ಒದರುವ ಅವಳ ತವರಿನ ಸದ್ದು ನಾಲಗೆಯ ತುದಿಯವರೆಗೂ ಬಂದುಬಿಟ್ಟಿತ್ತು.

ಜೈಬು ಸುತ್ತ ಒಮ್ಮೆ ನೋಡಿ, ಆ ಪುಟವನ್ನು ಹರಿಯದೆ ಮಡಿಚಿ ಸೊಂಟಕ್ಕೆ ಸಿಕ್ಕಿಸಿದಳು. ನೋಡುತ್ತಿದ್ದ ಕೆಂಪಮ್ಮಣ್ಣಿ ಇಡೀ ಪುಸ್ತಕವನ್ನೇ ಸೆರಗಿನೊಳಗೆ ಇಳಿಸಿದಳು. "ನನ್ನ ತವರು ಇದರಲ್ಲಿಲ್ಲ, ಆದ್ರೂ ಇರ್ಲಿ. ಯಾರದ್ದೋ ಒಬ್ಬಳ ತವರಾದ್ರೂ ಇದೆಯಲ್ಲ" ಎಂದಳು. ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಬಾಯಲ್ಲಿ ಮಾತ್ರ ಪರ್ ಪರ್, ಚರ್ರೆ, ಪಿರಕ್ ನಡೆದೇ ಇತ್ತು, ಒಳಗೆ ಕೂತಿದ್ದ ಪುಟ್ಟೀರಮ್ಮನವರಿಗೆ ಕೇಳುವಷ್ಟು ಜೋರಾಗಿ. ಕೈಗಳು ಮಾತ್ರ ಬೇರೆ ಕೆಲಸ ಮಾಡುತ್ತಿದ್ದವು. ಮಧ್ಯಾಹ್ನ ಅವರು ಬಂದು ನೋಡಿದಾಗ ಬಾನಿಯಲ್ಲಿ ನೀರು, ನೀರಿನಲ್ಲಿ ಮೆಂತ್ಯ, ಮತ್ತು ಎಲ್ಲಿಂದಲೋ ತಂದು ಹಾಕಿದ ಹಳೆಯ ಕ್ಯಾಲೆಂಡರಿನ ಚೂರುಗಳು.

"ಅಷ್ಟೊಂದು ಪುಸ್ತಕ ಇಷ್ಟೇ ಆಯ್ತಾ?"

"ನೆನೆದ್ರೆ ಇಳಿದುಹೋಗುತ್ತೆ ಅತ್ತೆಮ್ಮಾ" ಎಂದಳು ಕೆಂಪಮ್ಮಣ್ಣಿ. ಅವಳ ಹೊಟ್ಟೆ ಎಂಟು ತಿಂಗಳ ಬಸುರಿಯ ಹಾಗೆ ಉಬ್ಬಿತ್ತು, ವಯಸ್ಸು ಅರವತ್ತರ ಮೇಲೆ.

ಅಲ್ಲಿಂದ ಮುಂದೆ ಏನಾಯಿತೆಂದು ಪೂರ್ತಿ ಬಲ್ಲವರಿಲ್ಲ. ಒಂದು ಅಡುಗೆಮನೆಯಿಂದ ಇನ್ನೊಂದಕ್ಕೆ ಪುಸ್ತಕ ಹೋಯಿತು. ಅಕ್ಕಿ ಡಬ್ಬದೊಳಗೆ ಹೋಯಿತು, ತೊಟ್ಟಿಲ ಬಟ್ಟೆಯ ಅಡಿ ಹೋಯಿತು. ಓದು ಬಾರದವರು ಓದು ಬರುವವರ ಮನೆಗೆ ಬಿಡುವಿನ ಹೊತ್ತಿನಲ್ಲಿ ಹೂ ಕಟ್ಟುವ ನೆಪದಲ್ಲಿ ಹೋದರು. ಗಂಡಸರು ಹೊರಗೆ ಹೋದ ಮೇಲೆ ಊರಿನ ಹಿತ್ತಿಲುಗಳಲ್ಲಿ ಠಣಕು ಎಂಬ ಸದ್ದು ಪಿಸುಪಿಸುವಾಗಿ ಕೇಳಿಸತೊಡಗಿತು. ದಸ್ತಗೀರ್ ಸಾಹೇಬರು ಒಂದು ದಿನ ಓಡೋಡಿ ಬಂದು, ತಾವು ಟಕಟಕ ಎನ್ನುವುದನ್ನೂ ಮರೆತು ಒಳಗೆ ನುಗ್ಗಿದರು.

"ಬೇಟೀ ವಾರಿಜಾ, ಏನು ಮಾಡಿಟ್ಟಿದ್ದೀಯಮ್ಮ? ಬುರ್ಖಾದವರು, ಸೆರಗಿನವರು, ಕೋಲೂರಿಕೊಂಡು ಬಂದವರು, ಎಲ್ಲಾ ಪ್ರೆಸ್ ಮುಂದೆ! ಗಿಡುಗಿ ಪುಸ್ತಕ ಕೊಡಿ ಅಂತಾರೆ. ಅಚ್ಚಿನ ಪ್ಲೇಟ್ ಇನ್ನೂ ನನ್ನ ಹತ್ರಾನೇ ಇತ್ತು, ಮತ್ತೆ ಅಚ್ಚು ಹಾಕ್ದೆ, ಅದೂ ಖಾಲಿ. ನಮ್ಮ ಮನೆಯವಳೇ ಎರಡು ಎತ್ತಿಟ್ಟುಕೊಂಡಿದಾಳೆ, ಗಂಡನಿಗೇ ಕೊಡಲ್ಲ ಅಂತಾಳೆ!"

"ಟೀ ಅಂಗಡಿ ಹುಡುಗ್ರು?" ಎಂದಳು ವಾರಿಜ, ನಂಬಿಕೆ ಬಾರದೆ.

"ಅವರು ಈಗ ಅವರಮ್ಮಂದಿರಿಗೋಸ್ಕರ ಸಾಲಲ್ಲಿ ನಿಂತಿದಾರೆ. ಒಬ್ಬನಿಗೂ ನಗು ಬರ್ತಾ ಇಲ್ಲ."

ಆದರೆ ಪುಸ್ತಕದಲ್ಲಿ ಇದ್ದದ್ದು ಒಂದೇ ಮನೆಯ ಸದ್ದು. ಊರಿನಲ್ಲಿ ಎಷ್ಟು ಹೆಂಗಸರೋ ಅಷ್ಟು ತವರು. ಮೊದಲು ಬಂದವಳು ಜೈಬು. ಮುಂಬಾಗಿಲಿಂದಲೇ ಬಂದಳು, ಪುಟ್ಟೀರಮ್ಮನವರ ಎದುರೇ ಕೂತಳು. "ಮುಂದಿನ ಪುಸ್ತಕದಲ್ಲಿ ನಮ್ಮಮ್ಮಿ ಹಾಸಿಗೆ ಒದರೋದನ್ನ ಹಾಕ್ಸಿ. ಯುದ್ಧದಲ್ಲಿ ಬಾವುಟ ಹಾರೋ ಸದ್ದಿಗೆ ಸರಿಹೋಗುತ್ತೆ" ಎಂದಳು. ಮರುದಿನ ಕೆಂಪಮ್ಮಣ್ಣಿ ಬಂದಳು. ಅವಳಿಗೆ ತಾಯಿಯ ಬೀಸುಕಲ್ಲು ಬೇಕಿತ್ತು. ಆಮೇಲೆ ನನಗೆ ಹೆಸರೂ ಗೊತ್ತಿಲ್ಲದವರು ಬಂದರು, ಕೆಳಗಿನ ಕೇರಿಯವರು ಬಂದರು, ಹೋದ ತಿಂಗಳು ಮದುವೆಯಾದ ಹುಡುಗಿಯೊಬ್ಬಳು ಅತ್ತೆಯ ಜೊತೆಗೇ ಬಂದಳು. ಅತ್ತೆಗೂ ಒಂದು ಬೇಕಿತ್ತು.

ಪುಟ್ಟೀರಮ್ಮನವರದು ಒಂದೇ ಮಾತು. "ಅವಳು ಬರೆಯಲ್ಲ. ನಾನು ಬೇಡ ಅಂದಿದೀನಿ."

"ಆಗ್ಲಿ ಅತ್ತೆಮ್ಮಾ, ನೀವು ಹೂಂ ಅನ್ನೋವರೆಗೂ ಕೂತಿರ್ತೀವಿ. ಮನೇಲಿ ಸೊಸೆ ಇದಾಳೆ ಅಡುಗೆಗೆ" ಎಂದು ಕೆಂಪಮ್ಮಣ್ಣಿ ಎಲೆಅಡಿಕೆ ಚೀಲ ಬಿಚ್ಚಿದಳು.

ಕೂತರು. ದಿನಾ ಬೆಳಗ್ಗೆ ಕೆಲಸ ಮುಗಿಸಿ ಬರುವುದು, ಜಗಲಿಯ ತುಂಬ, ಮೆಟ್ಟಿಲ ತುಂಬ, ಬೇವಿನಮರದ ಕಟ್ಟೆಯ ತುಂಬ ಕೂರುವುದು. ಜಗಳವಿಲ್ಲ, ಕೂಗಾಟವಿಲ್ಲ. ಅವರೆಕಾಯಿ ಸುಲಿದರು, ಸ್ವೆಟರು ಹೆಣೆದರು, ಒಬ್ಬರ ತಲೆ ಒಬ್ಬರು ಬಾಚಿದರು. ವಾರಿಜ ಬೋರ್ಡು ಬರೆಯಲು ಹೋಗುವಾಗ ಎಲ್ಲರೂ ಕಾಲು ಮಡಿಚಿ ದಾರಿ ಬಿಡುತ್ತಿದ್ದರು. ಅವಳ ಕೈಯನ್ನು ಮುಟ್ಟಿ ಮುಟ್ಟಿ ಕಳಿಸುತ್ತಿದ್ದರು.

ನನಗೆ ಕಾಯುವುದು ಗೊತ್ತು. ಎಲ್ಲರಿಗೂ ಕಾಫಿ ಕಾಸಿಕೊಟ್ಟು ಅವರ ನಡುವೆಯೇ ಕೂತೆ. ಹಾಗೆ ಕೂತಿದ್ದಾಗ ಒಂದು ಮಧ್ಯಾಹ್ನ, ಹೊಸದಾಗಿ ಮದುವೆಯಾದ ಆ ಹುಡುಗಿ ಸುಲಿದ ಕಾಳನ್ನು ಮೊರಕ್ಕೆ ಸುರಿಯುತ್ತಾ "ಜುರಮುರ" ಎಂದಳು. ಅದು ಅವಳ ಗಂಡನ ಮನೆಯದಲ್ಲ. ಅವಳ ಅತ್ತೆ ತಲೆಯೆತ್ತಿ ನೋಡಿದಳು. ಬೈಯುತ್ತಾಳೆಂದು ನಾವೆಲ್ಲ ಸುಲಿಯುವುದು ನಿಲ್ಲಿಸಿದೆವು. ಅತ್ತೆ ತನ್ನ ಮಡಿಲಿನ ಕಾಳನ್ನೂ ಸುರಿದು, ತೀರ ಮೆಲ್ಲಗೆ, "ನಮ್ಮಮ್ಮನದು ಸೊರ್ರಂಬಳೆ" ಎಂದಳು.

ಕಟ್ಟೆ ಒಡೆದ ಹಾಗಾಯಿತು. ಒಬ್ಬಳು ತಾಯಿಯ ಕೈಬಳೆ ಎಂದಳು, ಒಬ್ಬಳು ತಾಯಿಯ ತಿರುಗಣೆ ಬಾಗಿಲು ಎಂದಳು, ಒಬ್ಬಳು ಅಜ್ಜಿಯ ಅಡಕೊತ್ತು ಎಂದಳು. ನಾನೂ ಬಾಯಿ ತೆಗೆದೆ. ಬೆಣ್ಣೆಯ ಕೈ ಮುಚ್ಚಿದ್ದ ಬಾಯಿ. ನನ್ನ ತಾಯಿಯ ಮೊಸರಿನ ಸದ್ದು ಅಷ್ಟು ವರ್ಷ ಒಳಗೆ ಕೂತು ಒಂದಿಷ್ಟೂ ಹುಳಿಯಾಗಿರಲಿಲ್ಲ. "ಗುಮ್ಮಳ ಗುಮ್ಮಳ ಗುಮ್ಮ" ಎಂದೆ. ಪಕ್ಕದವಳು ನನ್ನ ಬೆನ್ನು ಸವರಿದಳು. ಆ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಎಷ್ಟು ಅಡುಗೆಮನೆಗಳಿದ್ದವೋ! ಅರ್ಧ ಊರಿನ ಸತ್ತ ತಾಯಂದಿರು ಒಟ್ಟಿಗೆ ಪಾತ್ರೆ ತೊಳೆಯುತ್ತಿದ್ದಂತೆ ಇತ್ತು.

ಬಾಗಿಲು ತೆರೆಯಿತು. ಪುಟ್ಟೀರಮ್ಮನವರು ನಿಂತಿದ್ದರು. ತೆರೆದ ಸದ್ದನ್ನು ಅವರು ಹೇಳಲಿಲ್ಲ. ಎಂದೂ ಹೇಳದೆ ಇದ್ದವರಲ್ಲ.

"ವಾರಿಜ ಎಲ್ಲಿ?"

ಮಾದೇಶ ಓಡಿಹೋಗಿ ಕರೆತಂದ. ಅವಳ ಕೈಯಲ್ಲಿ ಯಾವುದೋ ಅಂಗಡಿಯ ಅರ್ಧ ಬರೆದ ಹೆಸರಿನ ಹಸಿ ಬಣ್ಣವಿತ್ತು.

"ಸಾಕಮ್ಮಾ, ಅವಳ ನಿಬ್ಬೆಲ್ಲಿಟ್ಟಿದೀಯ? ತಾ."

ತಂದುಕೊಟ್ಟೆ. ಮುರಿದು ಹಾಕುತ್ತಾರೆ ಎಂದೇ ಎಲ್ಲರೂ ಎಣಿಸಿದ್ದರು. ಅವರು ಬಟ್ಟೆಯ ಗಂಟನ್ನು ಬಿಚ್ಚಿ ಒಂದು ನಿಬ್ಬನ್ನು ವಾರಿಜಳ ಮುಂದೆ ಹಿಡಿದರು.

"ನಂಗೂ ಒಂದಿದೆ" ಎಂದರು. "ತವರಿಂದು ಅಲ್ಲ. ತವರು ಇದೇ ಆಯ್ತಲ್ಲ ನಂಗೆ. ನಮ್ಮೆಜಮಾನ್ರು ಹೋದ್ಮೇಲೆ ಇಲ್ಲಿಗೆ ವಾಪಸ್ ಬಂದಾಗ, ಇದೇ ಹೊಸಿಲಲ್ಲಿ ಅವರ ಮನೆದು ಬಿಟ್ಟು ಬಂದೆ. ಬಳೆ ಮಾರ್ತಿದ್ರಲ್ಲ, ಅವರ ಸೈಕಲ್ ಸದ್ದು. ಸಂಜೆ ಬರೋವಾಗ ಬೀದಿ ಮೂಲೆಯಿಂದಲೇ ಹೇಳ್ಕೊಂಡು ಬರೋರು. ಇಷ್ಟು ವರ್ಷ ಗಂಟಲಲ್ಲಿ ಇಟ್ಕೊಂಡಿದೀನಿ, ನುಂಗೋಕೂ ಆಗಿಲ್ಲ. ಬರಿ."

"ಹೇಳಿ ದೊಡ್ಡತ್ತೆ."

ಪುಟ್ಟೀರಮ್ಮನವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಆ ಮನೆಯ ಸೂರಿನ ಕೆಳಗೇ ನಿಂತು ಹೇಳಿದರು. "ಜಿಲಿಕ್ಕಣಾ. ಜಿಲಿಕ್ಕಣಾ."

ವಾರಿಜ ಜಗಲಿಯ ಮೇಲೇ ಕಾಗದ ಹಾಸಿ ಬಗ್ಗಿದಳು. ಸೈಕಲ್ಲು ಬಂತು, ಹಿಂದೆ ಗಾಜಿನ ಬಳೆಯ ಪೆಟ್ಟಿಗೆ ಬಂತು, ಚಕ್ರದ ಕೆಳಗಿನಿಂದ ಸದ್ದು ಚಿಮ್ಮಿತು. ಓದು ಬಾರದ ಪುಟ್ಟೀರಮ್ಮ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಬೆರಳಿಂದ ಅಳೆದರು.

"ಇಷ್ಟೇನಾ? ಇದು ಚಪ್ಪಟೆ ದಾರೀಲಿ ಹೋದಂಗಾಯ್ತು. ಅಲ್ಲಿ ನಮ್ಮನೆ ಮುಂದೆ ಏರು ಇತ್ತು ಕಣಮ್ಮ, ಉಸಿರು ಸಾಲ್ತಿರ್ಲಿಲ್ಲ ಅವರಿಗೆ, ಕಣಾ ಅನ್ನೋದನ್ನ ಎಳೆಯೋರು. ಉದ್ದ ಬರಿ. ಪುಟ ಸಾಲ್ದಿದ್ರೆ ಪಕ್ಕದ ಪುಟಕ್ಕೂ ಹೋಗ್ಲಿ. ಯಾರಪ್ಪಂದು ಕಾಗದ!"

ಜಗಲಿಯೆಲ್ಲ ನಕ್ಕಿತು. ವಾರಿಜಳೂ ನಕ್ಕಳು, ನಗುತ್ತಲೇ ಅವಳ ಕಣ್ಣಿಂದ ನೀರಿಳಿದು ಚಕ್ರದ ಮೇಲೆ ಬಿತ್ತು. ಆ ಕಲೆ ಈಗಲೂ ಮೂಲ ಚಿತ್ರದಲ್ಲಿದೆ. ಅವಳು ಅದನ್ನು ರಸ್ತೆಯ ಕೆಸರು ಮಾಡಿಬಿಟ್ಟಳು.

ಎರಡನೆಯ ಪುಸ್ತಕಕ್ಕೆ ಒಂದು ವರ್ಷ ಹಿಡಿಯಿತು. ಗಿಡುಗಿ ಈ ಸಲ ಒಂಟಿಯಾಗಿ ಹೋಗುವುದಿಲ್ಲ. ಅವಳ ಹಿಂದೆ ದೊಡ್ಡ ದಂಡು, ದಂಡಿನ ಒಂದೊಂದು ಕತ್ತಿಗೂ, ಗುರಾಣಿಗೂ, ಬಂಡಿಗೂ ಒಬ್ಬೊಬ್ಬ ತಾಯಿಯ ಸದ್ದು. ಅಚ್ಚಾದ ವಾರದಲ್ಲೇ ಹೊರಗಿನ ಊರುಗಳಿಂದ ಬಸ್ಸು ತುಂಬಿಕೊಂಡು ಹೆಂಗಸರು ಬಂದರು. ಅವರ ಊರಿನಲ್ಲಿ ಪಾತ್ರೆ ಬಿದ್ದರೆ ಪಾತ್ರೆಯೇ ಸದ್ದು ಮಾಡುತ್ತದಂತೆ. "ಆದ್ರೂ ನಮ್ಮಮ್ಮನ ಪಾತ್ರೆ ಹೀಗೆ ಅಂತಿರ್ಲಿಲ್ಲ, ಬೇರೆ ಥರ ಅಂತಿತ್ತು. ಇದನ್ನ ಓದಿದ್ಮೇಲೆ ನೆನಪಾಯ್ತು" ಎಂದು ಅವರಲ್ಲೊಬ್ಬಳು ವಾರಿಜಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಗರದ ಪ್ರಕಾಶಕರು ಬಂದು, ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ ಮಾಡಿದರೆ ಇನ್ನೂ ಹೆಚ್ಚು ಹೋಗುತ್ತದೆ ಎಂದರು. ವಾರಿಜ ಕಾಫಿ ಕೊಟ್ಟು ಕಳಿಸಿದಳು. ಅವರು ಮಾರನೆಯ ವಾರ ಮತ್ತೆ ಬಂದು, ಹಾಗೇ ಇರಲಿ ಎಂದು ಒಪ್ಪಿದರು.

ಅದಕ್ಕೂ ಮೊದಲು, ಅಚ್ಚಾಗಿ ಬಂದ ಸಂಜೆಯೇ, ಬಿಡುಗಡೆ ನಮ್ಮ ಬೀದಿಯಲ್ಲೇ ನಡೆದಿತ್ತು. ಬೀದಿಯ ತಳದಿಂದ ತುದಿಯವರೆಗೂ ಜನ, ಎಲ್ಲರ ಕೈಯಲ್ಲೂ ಪುಸ್ತಕ. ಒಬ್ಬೊಬ್ಬರೇ ತಮ್ಮ ಪುಟ ಬಂದಾಗ ಎದ್ದು ಓದಿದರು. ಟೀ ಅಂಗಡಿಯ ಹುಡುಗರು ಅಮ್ಮಂದಿರಿಗೆ ಪುಟ ತೆಗೆದುಕೊಡುತ್ತಿದ್ದರು. ಪುಟ್ಟೀರಮ್ಮನವರು ಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಒಬ್ಬೊಬ್ಬರನ್ನೂ ತಿದ್ದುತ್ತಿದ್ದರು. ಊರಿನ ಎಲ್ಲ ಮನೆಗಳ ಸದ್ದಿನ ಕಾವಲನ್ನೂ ತಾವೇ ವಹಿಸಿಕೊಂಡವರಂತೆ.

ಕೊನೆಗೆ ಎರಡು ಪುಟ ಹರಡಿದ ಸೈಕಲ್ಲು ಬಂತು. ಅದನ್ನು ಯಾರು ಓದಬೇಕೆಂದು ಯಾರೂ ಹೇಳಿರಲಿಲ್ಲ. ಬೀದಿಯ ತಳದಲ್ಲಿದ್ದ ಹೆಂಗಸರು ಶುರುಮಾಡಿದರು. ಜಿಲಿಕ್ಕಣಾ... ಅವರಿಂದ ಮೇಲಿನವರು ಹಿಡಿದರು, ಅವರಿಂದ ಮೇಲಿನವರು. ಕಣಾ ಎಂಬುದನ್ನು ಪುಟ್ಟೀರಮ್ಮನವರು ಹೇಳಿಕೊಟ್ಟಂತೆಯೇ ಏದುಸಿರಿನಲ್ಲಿ ಎಳೆದರು. ಸದ್ದು ಬೀದಿಯ ಏರನ್ನು ಹತ್ತುತ್ತಾ, ಮೂಲೆಯಿಂದ ನಮ್ಮ ಮನೆಯ ಕಡೆಗೆ ಬಂತು.

ಪುಟ್ಟೀರಮ್ಮನವರು ಮಣೆಯಿಂದ ಎದ್ದರು. ಸೆರಗಿನಲ್ಲಿ ಕೈ ಒರೆಸಿಕೊಂಡರು. ಅರ್ಧ ತೆರೆದಿದ್ದ ಬಾಗಿಲಿನ ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತೆರೆದು, ಬೀದಿಯ ಕೆಳಗೆ ನೋಡುತ್ತಾ, ಹೊಸ ಮದುವಣಗಿತ್ತಿಯ ಗತ್ತಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

"ಇಷ್ಟೊತ್ತಾ ಬರೋದು?"